ಮೇವು ಕತ್ತರಿಸುವ ಯಂತ್ರಕ್ಕೆ ಒಂದು ಮೊಳದ ಮುಚ್ಚಳ

ದನಗಳಿಗೆ ಹಾಕುವ ಸಪ್ಪೆಯನ್ನೂ ಸೀಮೆಹುಲ್ಲನ್ನೂ ಕುಡುಗೋಲಿನಿಂದಲೋ ಮಚ್ಚಿನಿಂದಲೋ ಕಡಿಯುತ್ತಿದ್ದ ಮನೆಗಳಲ್ಲಿ ಈಗ ವಿದ್ಯುತ್ತಿನಿಂದ ನಡೆಯುವ ಮೇವು ಕತ್ತರಿಸುವ ಯಂತ್ರವು ಬಂದು ನಿಂತಿದೆ. ಕೋಲಾರ, ಮಂಡ್ಯ, ಹಾಸನ, ತುಮಕೂರು ಮುಂತಾದ ಹಾಲಿನ ಸೀಮೆಗಳಲ್ಲಿ ಎರಡು ಮೂರು ಹಸುಗಳನ್ನು ಕಟ್ಟಿರುವ ಸಣ್ಣ ರೈತನು ಸಹ ಸರ್ಕಾರದ ಸಹಾಯಧನದಿಂದಲೋ ಸ್ವಂತ ಹಣದಿಂದಲೋ ಇದನ್ನು ಕೊಂಡಿರುವುದುಂಟು. ಇದರಿಂದ ಆಗಿರತಕ್ಕ ಪ್ರಯೋಜನವನ್ನು ಯಾರೂ ಅಲ್ಲಗಳೆಯಲಾರರು. ಇಡೀ ದಂಟನ್ನು ಹಾಕಿದರೆ ದನವು ಗರಿಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತದೆ. ತುಂಡುಮಾಡಿ ಹಾಕಿದರೆ ಗೋದಲಿಯು ಬರಿದಾಗುತ್ತದೆ. ಆದರೆ ಈ ಯಂತ್ರದಲ್ಲಿ ಬೆರಳನ್ನೋ ಅಂಗೈಯನ್ನೋ ಕಳೆದುಕೊಂಡವರ ಸುದ್ದಿಯು ಬಂದಾಗ ಊರಿನವರೂ, ಯಂತ್ರವನ್ನು ಮಾರಿದವರೂ, ಕೆಲವು ವೇಳೆ ಇಲಾಖೆಯವರೂ ಹೇಳುವ ಮಾತು ಒಂದೇ: “ಅವಳು ಜೋಕೆಯಿಂದ ಇರಬೇಕಾಗಿತ್ತು.” ಈ ಮಾತು ನ್ಯಾಯವಲ್ಲವೆಂಬುದು ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ತಿಳಿಯುವುದು.

ಯಂತ್ರದ ದೊಡ್ಡ ಚಕ್ರಕ್ಕೆ ಎರಡು ಅಲಗುಗಳಿದ್ದು, ಅದು ನಿಮಿಷಕ್ಕೆ 300 ಸುತ್ತು ಸುತ್ತುವುದೆಂದೂ, ಮೇವಿನ ತುಂಡು 2 ಸೆಂಟಿಮೀಟರ್ ಉದ್ದವಿರುವುದೆಂದೂ ಇಟ್ಟುಕೊಳ್ಳೋಣ. ಆಗ ನಿಮಿಷಕ್ಕೆ 600 ಕಡಿತಗಳಾಗುತ್ತವೆ. ಹಲ್ಲಿನ ಉರುಳೆಗಳು ನಿಮಿಷಕ್ಕೆ 12 ಮೀಟರ್, ಎಂದರೆ ಒಂದು ಸೆಕೆಂಡಿಗೆ 20 ಸೆಂಟಿಮೀಟರ್ ಮೇವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಬೆಳೆದ ಹೆಂಗಸಿನ ಕೈಯು ಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಅಷ್ಟು ಉದ್ದವೂ ಇರುವುದಿಲ್ಲ. ಬೆರಳು ಉರುಳೆಗೆ ಸಿಕ್ಕಿದ ಮೇಲೆ ಅಂಗೈಯು ಪೂರ್ತಿಯಾಗಿ ಹೋಗುವುದಕ್ಕೆ ಒಂದು ಸೆಕೆಂಡು ಸಾಕು. ಕೂಗಿ ಕರೆಯುವುದಕ್ಕಾಗಲಿ ಸ್ವಿಚ್ಚಿನ ಕಡೆಗೆ ತಿರುಗುವುದಕ್ಕಾಗಲಿ ಅಲ್ಲಿ ಕಾಲವಿಲ್ಲ. ಸ್ವಿಚ್ಚನ್ನು ಆರಿಸಿದರೂ ಭಾರವಾದ ಚಕ್ರವು ತನ್ನ ಓಟದಿಂದಲೇ ಇನ್ನೂ ಕೆಲವು ಸುತ್ತು ತಿರುಗುತ್ತದೆ. ಇಂತಹ ಯಂತ್ರದ ಮುಂದೆ ಮನುಷ್ಯನ ಎಚ್ಚರವು ಏನನ್ನು ತಾನೇ ಮಾಡೀತು?

ಅದೂ ಅಲ್ಲದೆ ಈ ಕೆಲಸವನ್ನು ಮಾಡತಕ್ಕವರು ಯಾರು, ಯಾವಾಗ ಮಾಡುತ್ತಾರೆ ಎಂಬುದನ್ನೂ ನೋಡಬೇಕು. ಹೊಲದಿಂದ ಹುಲ್ಲಿನ ಹೊರೆಯನ್ನು ಹೊತ್ತು ತಂದ ಮನೆಯ ಹೆಂಗಸೇ ಬಹುಮಟ್ಟಿಗೆ ಯಂತ್ರಕ್ಕೆ ಮೇವನ್ನು ಕೊಡುತ್ತಾಳೆ. ಸಾಯಂಕಾಲದ ಹಾಲು ಕರೆಯುವ ಹೊತ್ತಿಗೆ ಮೊದಲು, ಕೊಟ್ಟಿಗೆಯ ಮಬ್ಬು ಬೆಳಕಿನಲ್ಲಿ, ಕೈತುಂಬ ಬಳೆ ತೊಟ್ಟು, ಮಗುವಿನ ಮೇಲೂ ಒಲೆಯ ಮೇಲೂ ಒಂದು ಕಣ್ಣಿಟ್ಟು ಮಾಡುವ ಕೆಲಸವಿದು. ಅವಳಿಗೆ ಜೋಕೆಯನ್ನು ಉಪದೇಶಿಸುವುದಕ್ಕೆ ಮುಂಚೆ ಯಂತ್ರದ ಬಾಯನ್ನು ಅಳೆದು ನೋಡುವುದು ಮೇಲು.

ಗೋಧಿ ಬೆಳೆಯುವ ಉತ್ತರದ ಪ್ರಾಂತಗಳಲ್ಲಿ ಈ ಪಾಠವನ್ನು ಬಹಳ ದುಬಾರಿಯಾಗಿ ಕಲಿತರು. 1970ರ ದಶಕದಲ್ಲಿ ಪಂಜಾಬು, ಹರಿಯಾಣಾ ಮೊದಲಾದ ಕಡೆಗಳಲ್ಲಿ ಒಕ್ಕಣೆ ಯಂತ್ರಗಳು ವಿಶೇಷವಾಗಿ ಹರಡಿ, ಅನೇಕ ಕೂಲಿಯವರು ಕೈಗಳನ್ನು ಕಳೆದುಕೊಂಡರು. ಅಲ್ಲಿಯೂ ಮೊದಲು ಕೇಳಿಬಂದುದು ಅಜಾಗ್ರತೆಯ ಮಾತೇ. ಕೊನೆಗೆ ಭಾರತ ಸರ್ಕಾರದವರು 1983ರಲ್ಲಿ ಅಪಾಯಕರ ಯಂತ್ರಗಳ ನಿಯಂತ್ರಣ ಶಾಸನವನ್ನು ಮಾಡಿ, ಕೆಲಸಗಾರನ ಕ್ಷೇಮವನ್ನೂ, ಗಾಯವೋ ಮರಣವೋ ಸಂಭವಿಸಿದರೆ ಕೊಡಬೇಕಾದ ಪರಿಹಾರವನ್ನೂ ಅದರಲ್ಲಿ ಸೇರಿಸಿದರು. ಒಕ್ಕಣೆ ಯಂತ್ರವನ್ನು ಹೆಸರು ಹೇಳಿ ಸೇರಿಸಿ, ಗ್ರಾಮಾಂತರದ ಇತರ ಯಂತ್ರಗಳನ್ನು ಪ್ರಕಟನೆಯ ಮೂಲಕ ಸೇರಿಸುವುದಕ್ಕೂ ಅವಕಾಶವಿಟ್ಟರು. ಆ ಯಂತ್ರಕ್ಕೆ ಬೆಳೆಯನ್ನು ಕೊಡುವ ದೋಣಿಯು ಕಡಮೆ ಪಕ್ಷ 90 ಸೆಂಟಿಮೀಟರ್ ಉದ್ದವಿರಬೇಕೆಂದೂ, ಅದರಲ್ಲಿ ಒಳಭಾಗದ 45 ಸೆಂಟಿಮೀಟರಿಗೆ ಮುಚ್ಚಳವಿರಬೇಕೆಂದೂ ಭಾರತೀಯ ಮಾನಕದಲ್ಲಿ ಗೊತ್ತುಮಾಡಲಾಗಿದೆ.

ಈ 45 ಸೆಂಟಿಮೀಟರು ನಮ್ಮ ರೈತರಿಗೆ ಹೊಸ ಅಳತೆಯೇನೂ ಅಲ್ಲ. ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಒಂದು ಮೊಳವೇ ಅದು. ದೋಣಿಗೆ ಒಂದು ಮೊಳ ಮುಚ್ಚಳ, ಅದರಾಚೆಗೆ ಒಂದು ಮೊಳ ತೆರೆದ ಭಾಗ ಇದ್ದರೆ, ಮೇವನ್ನು ತಳ್ಳುವ ಕೈಯು ಉರುಳೆಯನ್ನು ಮುಟ್ಟುವುದು ಬಹಳ ಕಷ್ಟ. ಇದೇ ಅಳತೆಯನ್ನು ಮೇವಿನ ಯಂತ್ರಕ್ಕೂ ಕಡ್ಡಾಯವಾಗಿ ಹಿಡಿಯತಕ್ಕದ್ದು. ಹಳ್ಳಿಗಳಲ್ಲಿ ಕಾಣುವ ಎಷ್ಟೋ ಯಂತ್ರಗಳ ದೋಣಿಯು ಗೇಣುದ್ದದ ತಗಡಿನ ನಾಲಿಗೆಯಂತಿದ್ದು ಮೇಲೆ ಏನೂ ಇರುವುದಿಲ್ಲ.

ಮುಚ್ಚಳವಿದ್ದ ಯಂತ್ರಗಳಲ್ಲಿಯೂ ರೈತನು ಅದನ್ನು ಬಿಚ್ಚಿ ಅಟ್ಟದ ಮೇಲೆ ಇಡುವುದುಂಟು. ಇದಕ್ಕಾಗಿ ಅವನನ್ನು ಮೂಢನೆಂದು ಹಳಿಯುವುದು ಸುಲಭ. ಕಾರಣವು ಬೇರೆ ಇದೆ. ಹಸಿಯ ಸೀಮೆಹುಲ್ಲು ಉರುಳೆಗೆ ಸುತ್ತಿಕೊಂಡು ಆಗಾಗ್ಗೆ ಕಟ್ಟಿಕೊಳ್ಳುತ್ತದೆ. ಮುಚ್ಚಳವನ್ನು ನಾಲ್ಕು ಬೋಲ್ಟುಗಳಿಂದ ಬಿಗಿದಿದ್ದರೆ ಪ್ರತಿ ಸಲವೂ ಸ್ಪಾನರನ್ನು ಹುಡುಕಬೇಕು. ಎರಡು ದಿನ ಹುಡುಕಿ, ಮೂರನೆಯ ದಿನ ಅವನು ಮುಚ್ಚಳವನ್ನೇ ತೆಗೆದುಹಾಕುತ್ತಾನೆ. ಒಂದು ಪಕ್ಕಕ್ಕೆ ಕೀಲುಹಾಕಿ ಮತ್ತೊಂದು ಪಕ್ಕಕ್ಕೆ ಚಿಲಕವಿಟ್ಟಿದ್ದರೆ ಅವನೂ ಬಿಚ್ಚುತ್ತಿರಲಿಲ್ಲ. ಇದು ಯಂತ್ರವನ್ನು ಮಾಡುವವರು ತಿದ್ದಬೇಕಾದ ದೋಷ.

ಇನ್ನು ಈ ಕಟ್ಟಿಕೊಳ್ಳುವಿಕೆಯ ವಿಷಯ. ಇದಕ್ಕೆ ಮುಖ್ಯ ಕಾರಣವು ಮೊಂಡಾದ ಅಲಗು. ಹರಿತವಿಲ್ಲದ ಅಲಗು ದಂಟನ್ನು ಕತ್ತರಿಸದೆ ಜಗಿಯುತ್ತದೆ. ಜಗಿದ ಮೇವು ನಿಲ್ಲುತ್ತದೆ. ನಿಂತುದನ್ನು ಬಿಡಿಸುವುದಕ್ಕೆ ಕೈಯು ಒಳಗೆ ಹೋಗುತ್ತದೆ. ಆದುದರಿಂದ ಅಲಗನ್ನು ಸಾಣೆಹಿಡಿಸುವುದನ್ನು ಬರಿಯ ಕೆಲಸದ ಚುರುಕಿಗಾಗಿ ಎಂದು ತಿಳಿಯಬಾರದು. ಎರಡು ಅಲಗುಗಳನ್ನೂ ಒಟ್ಟಿಗೆ ಬಿಚ್ಚಿ ಸಮನಾಗಿ ಮಸೆಯಿಸಬೇಕು. ಒಂದು ಹೆಚ್ಚು ಸವೆದು ತೂಕ ಕಡಮೆಯಾದರೆ ಚಕ್ರವು ನಡುಗಿ ಬೋಲ್ಟುಗಳು ಸಡಿಲುತ್ತವೆ. ಮರಳಿ ಜೋಡಿಸುವಾಗ ಅಲಗಿಗೂ ಕೆಳಗಿನ ಪಟ್ಟಿಗೂ ಕಾಗದದ ದಪ್ಪದಷ್ಟು ಮಾತ್ರ ಸಂದಿಯನ್ನು ಬಿಟ್ಟು, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದ ಮೇಲೆಯೇ ವಿದ್ಯುತ್ತನ್ನು ಕೊಡತಕ್ಕದ್ದು. ಉರುಳೆಯನ್ನು ನಿಲ್ಲಿಸುವ ಅಥವಾ ಹಿಂದಕ್ಕೆ ತಿರುಗಿಸುವ ಹಿಡಿಯಿರುವ ಯಂತ್ರಗಳಲ್ಲಿ ಆ ಹಿಡಿಯು ತುಕ್ಕುಹಿಡಿದು ಅಲ್ಲಾಡದಂತಿರುವುದನ್ನು ಎಷ್ಟೋ ಕಡೆ ಕಾಣಬಹುದು. ಆಯುಧಪೂಜೆಯ ದಿನ ಯಂತ್ರಕ್ಕೆ ಅರಿಸಿನ ಕುಂಕುಮವಿಟ್ಟು ಬೂದುಗುಂಬಳವನ್ನು ಒಡೆಯುವವರು ಅದೇ ದಿನ ಆ ಹಿಡಿಗೆ ನಾಲ್ಕು ತೊಟ್ಟು ಎಣ್ಣೆಯನ್ನೂ ಬಿಟ್ಟರೆ ದೇವಿಯು ಬೇಸರಪಡಲಾರಳು.

ಎಲ್ಲಕ್ಕಿಂತ ಮೋಸದ ಅಪಾಯವು ವಿದ್ಯುತ್ತು ಹೋಗಿ ಬರುವುದರಿಂದ ಉಂಟಾಗುವುದು. ಯಂತ್ರವು ಓಡುತ್ತಿರುವಾಗಲೇ ಕರೆಂಟು ಹೋಗುತ್ತದೆ. ನಿಂತಿದೆಯಲ್ಲಾ ಎಂದು, ಸಿಕ್ಕಿಕೊಂಡ ಮೇವನ್ನು ಕೀಳಲು ಕೈ ಹಾಕುತ್ತಾರೆ. ಸ್ವಿಚ್ಚು ಹಾಕಿದ್ದಂತೆಯೇ ಇರುತ್ತದೆ. ಕರೆಂಟು ಮರಳಿದ ಕ್ಷಣದಲ್ಲಿ ಯಂತ್ರವು ತಾನಾಗಿಯೇ ಓಡಲಾರಂಭಿಸುತ್ತದೆ. ವಿದ್ಯುತ್ತು ನಿಂತೊಡನೆ ತಾನೇ ಬಿಟ್ಟುಕೊಂಡು, ಮತ್ತೆ ಗುಂಡಿಯನ್ನು ಒತ್ತುವವರೆಗೂ ಮೋಟಾರನ್ನು ಚಾಲೂ ಮಾಡದ ಸ್ಟಾರ್ಟರನ್ನು ಹಾಕಿಸಿದರೆ ಈ ಅಪಾಯವೇ ಇರದು. ಆದರೆ ಮನೆಯ ಸಾಧಾರಣ ಪ್ಲಗ್ಗಿಗೆ ಸಿಕ್ಕಿಸಿದ ಯಂತ್ರಗಳಲ್ಲಿ ಅದು ಇರುವುದೇ ಇಲ್ಲ. ಇದ್ದ ಕಡೆಯೂ ಗುಂಡಿಗೆ ಕಡ್ಡಿಯನ್ನು ಸಿಕ್ಕಿಸಿ ಅದನ್ನು ನಿರರ್ಥಕಗೊಳಿಸುತ್ತಾರೆ. ಸ್ಟಾರ್ಟರಿಲ್ಲದ ಮನೆಯಲ್ಲಿ ಪ್ಲಗ್ಗನ್ನು ಕಿತ್ತು, ಚಕ್ರವು ಪೂರ್ತಿ ನಿಂತ ಮೇಲೆ, ಕೈಯಿಂದಲ್ಲದೆ ಕೋಲಿನಿಂದ ಮೇವನ್ನು ಬಿಡಿಸುವುದೊಂದೇ ದಾರಿ. ಕೊಟ್ಟಿಗೆಯ ನೆಲವು ಗಂಜಲದಿಂದ ಸದಾ ತೇವವಾಗಿರುವುದರಿಂದ ಭೂಸಂಪರ್ಕದ ತಂತಿಯೂ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಹೋಗುವ ಸ್ವಿಚ್ಚೂ ಅವಶ್ಯಕ. ಇಲ್ಲವಾದರೆ ಹಸುವಿನ ಪ್ರಾಣಕ್ಕೂ ಅಪಾಯ.

ಒಂದು ವೇಳೆ ಬೆರಳು ತುಂಡಾದರೆ, ಗಾಯವನ್ನು ಶುದ್ಧವಾದ ಬಟ್ಟೆಯಿಂದ ಒತ್ತಿ ಕಟ್ಟಿ, ಕೈಯನ್ನು ಎತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. ತುಂಡನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಬೇಕು. ತುಂಡಿಗೆ ಮಂಜುಗಡ್ಡೆಯನ್ನು ನೇರವಾಗಿ ಸೋಕಿಸಬಾರದು. ಸುಣ್ಣ, ಅರಿಸಿನ, ಕಾಫಿಪುಡಿಗಳನ್ನು ಮೆತ್ತುವುದರಿಂದ ಶಸ್ತ್ರವೈದ್ಯನ ಕೆಲಸವು ಕೆಡುತ್ತದೆ.

ಸಹಾಯಧನವು ಸಾರ್ವಜನಿಕರ ಹಣ. ಆ ಹಣದಿಂದ ಮನೆಗೆ ಬರುವ ಯಂತ್ರವು ಮನೆಯವರ ಕೈಯನ್ನು ಕಡಿಯುವಂತಿದ್ದರೆ ಅದರ ಹೊಣೆಯನ್ನು ಕೊಟ್ಟವರೂ ಹೊರಬೇಕಾಗುವುದು. ಯಂತ್ರವನ್ನು ಒಪ್ಪಿಸುವ ದಿನ ಫಲಾನುಭವಿಯ ಭಾವಚಿತ್ರವನ್ನು ತೆಗೆಯುವಂತೆಯೇ ಅಳತೆಪಟ್ಟಿಯನ್ನು ಹಿಡಿದು ದೋಣಿಯನ್ನು ಅಳೆದು, ಮುಚ್ಚಳವೂ ಸ್ಟಾರ್ಟರೂ ಇಲ್ಲದುದನ್ನು ಹಿಂದಕ್ಕೆ ಕಳುಹಿಸತಕ್ಕದ್ದು. ಯಂತ್ರವನ್ನು ನಡೆಸುವ ವಿಧಾನವನ್ನು ಅರ್ಜಿಗೆ ಸಹಿ ಹಾಕಿದ ಯಜಮಾನನಿಗೆ ಮಾತ್ರ ತೋರಿಸದೆ, ದಿನವೂ ಮೇವು ಹಾಕುವ ಹೆಣ್ಣುಮಗಳ ಕೈಯಿಂದಲೇ ಮಾಡಿಸಿ ನೋಡಬೇಕು. ಈಗಾಗಲೇ ಮನೆಗಳಲ್ಲಿರುವ ಯಂತ್ರಗಳಿಗೆ ಹೋಬಳಿಯ ವೆಲ್ಡಿಂಗ್ ಅಂಗಡಿಯವನೇ ಕೀಲುಳ್ಳ ಮುಚ್ಚಳವನ್ನು ಮಾಡಿಕೊಡಬಲ್ಲನು. ಅದಕ್ಕೆ ಬೇಕಾದುದು ಸ್ವಲ್ಪ ತಗಡು, ಎರಡು ಕೀಲು, ಒಂದು ಚಿಲಕ. ಅಳತೆಗೆ ಅವನ ಮೊಳವೇ ಸಾಕು.