ಚೆಕ್ಕು ಯಾವ ಮೇಜಿನಲ್ಲಿ ನಿಂತಿದೆ?

ಮಕ್ಕಳೇ, ಕಾರಿನ ಮುಂದಿನ ಗಾಜು ಒರೆಸುವ ವೈಪರ್ ನೋಡಿದ್ದೀರಲ್ಲ? ಜೋರು ಮಳೆಯಲ್ಲಿ ಅದು ನಿಂತುಬಿಟ್ಟರೆ ಓಡಿಸುವವರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಆಗ ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಮಳೆ ತಗ್ಗುವವರೆಗೆ ಕಾಯುವುದೇ ಜಾಣತನ. ಕೆಟ್ಟಿದ್ದೇನು ಎಂಬ ಪ್ರಶ್ನೆ ಆಮೇಲಿನದು.

ವೈಪರ್ ಹಳೆಯ ವಸ್ತು. ಅಮೆರಿಕದ ಅಲಬಾಮಾದಲ್ಲಿದ್ದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲೇ ಅದಕ್ಕೆ ಪೇಟೆಂಟ್ ಪಡೆದರು. ಚಾಲಕ ಒಳಗೆ ಕೂತು ಕೈಯಿಂದ ಹಿಡಿಯನ್ನು ತಿರುಗಿಸಿದರೆ, ಹೊರಗೆ ರಬ್ಬರಿನ ಪಟ್ಟಿ ಗಾಜು ಒರೆಸುತ್ತಿತ್ತು. ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಕಣ್ಣಿಗೇ ಕಾಣುವಂಥ ಏರ್ಪಾಡು.

ಈಗಿನ ಅನೇಕ ಕಾರುಗಳಲ್ಲಿ ಹಾಗಿಲ್ಲ. ಸ್ಟೀರಿಂಗ್ ಪಕ್ಕದ ಕಡ್ಡಿ ಎಳೆದರೆ ಕರೆಂಟು ನೇರವಾಗಿ ಮೋಟಾರಿಗೆ ಹೋಗುವುದಿಲ್ಲ. ಮೊದಲು ಒಂದು ಪುಟ್ಟ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಮೋಟಾರಿಗೆ ಅಪ್ಪಣೆ ಕೊಡುವುದು ಅದು. ನಮ್ಮ ಕಾಲದ ಬ್ಯಾಂಕು ನೆನಪಿರುವ ಅಜ್ಜ ಅಜ್ಜಿಯರಿಗೆ ಇದು ಬೇಗ ತಿಳಿದೀತು. ಚೆಕ್ಕು ಕೊಟ್ಟು ಟೋಕನ್ ಹಿಡಿದು ಕೂರುತ್ತಿದ್ದೆವು. ಗುಮಾಸ್ತ ಖಾತೆ ನೋಡಬೇಕು, ಅಧಿಕಾರಿ ಸಹಿ ಹಾಕಬೇಕು, ಆಮೇಲೆ ಕ್ಯಾಷಿಯರ್ ಹಣ ಎಣಿಸಬೇಕು. ಹಣ ಬರದಿದ್ದರೆ ಕ್ಯಾಷಿಯರನ್ನು ಬೈದು ಫಲವಿಲ್ಲ. ಚೆಕ್ಕು ಯಾವ ಮೇಜಿನಲ್ಲಿ ನಿಂತಿದೆ ಎಂದು ನೋಡಬೇಕು.

ವೈಪರ್ ವಿಷಯದಲ್ಲಿ ಹಾಗೆ ನೋಡುವ ಸಾಧನವೇ ಸ್ಕ್ಯಾನ್ ಟೂಲ್. ಸ್ಟೀರಿಂಗ್ ಕೆಳಭಾಗದಲ್ಲಿರುವ 16 ಪಿನ್ನಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸುತ್ತಾರೆ. ಅಗ್ಗದ ಟೂಲ್‌ಗಳು ಸಾಮಾನ್ಯವಾಗಿ ಎಂಜಿನ್ನಿನ ದೂರುಗಳನ್ನಷ್ಟೇ ಓದುತ್ತವೆ. ವೈಪರ್ ಇರುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಬೇರೆ ಕಂಪ್ಯೂಟರಿನ ಸುಪರ್ದಿಯಲ್ಲಿ. ಅದರೊಡನೆ ಮಾತಾಡಬಲ್ಲ ಟೂಲ್ ಬೇಕು.

ಮೆಕ್ಯಾನಿಕ್ ಎರಡು ಪರೀಕ್ಷೆ ಮಾಡುತ್ತಾರೆ. ಮೊದಲನೆಯದು, ಕಡ್ಡಿ ಎಳೆದು ತೆರೆ ನೋಡುವುದು. ತೆರೆಯಲ್ಲಿ ‘ಆಫ್’ ಇದ್ದದ್ದು ‘ಆನ್’ ಆಗದಿದ್ದರೆ ಕಡ್ಡಿಯ ಸ್ವಿಚ್ಚಿನಲ್ಲೋ ಅದರ ವೈರಿನಲ್ಲೋ ದೋಷವಿರಬೇಕು. ಎರಡನೆಯದು, ಕಡ್ಡಿ ಮುಟ್ಟದೆ ಟೂಲಿನಿಂದಲೇ ಮೋಟಾರಿಗೆ ಅಪ್ಪಣೆ ಕೊಡುವುದು. ವೈಪರ್ ಆಡಿದರೆ ಮೋಟಾರು, ಫ್ಯೂಸು ಎರಡೂ ಸರಿ ಇವೆ ಎಂದಾಯಿತು. ಆಡದಿದ್ದರೆ ಮೀಟರ್ ಹಿಡಿದು ಫ್ಯೂಸು, ಕರೆಂಟು, ಅರ್ತಿಂಗ್ ನೋಡಬೇಕು. ಅವೆಲ್ಲ ಸರಿಯಿದ್ದರೆ ಮಾತ್ರ ಮೋಟಾರಿನ ಮೇಲೆ ಅನುಮಾನ. ಈ ಪರೀಕ್ಷೆ ನಡೆಯುವಾಗ ವೈಪರ್ ಹತ್ತಿರ ಯಾರೂ ಕೈ ಇಡಬಾರದು. ಅದು ತಟ್ಟನೆ ತಿರುಗುತ್ತದೆ, ಬೆರಳು ಸಿಕ್ಕಿಕೊಂಡೀತು.

ಗಾಜಿಗೆ ನೀರು ಚಿಮ್ಮಿಸುವ ವಾಷರ್ ಕಥೆ ಬೇರೆ. ಬಹಳಷ್ಟು ಕಾರುಗಳಲ್ಲಿ ನೀರು ನಿಜವಾಗಿ ಚಿಮ್ಮಿತೋ ಇಲ್ಲವೋ ಎಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಡಬ್ಬಿ ಖಾಲಿಯಿದ್ದರೂ ಟೂಲು ‘ಪಂಪ್ ಆನ್’ ಎಂದೀತು. ಇಲ್ಲಿ ಟೂಲಿಗಿಂತ ನಮ್ಮ ಕಿವಿಯೇ ಮೇಲು. ಪಂಪು ಗುಂಯ್ ಎನ್ನುತ್ತಿದ್ದು ನೀರು ಬರದಿದ್ದರೆ, ಡಬ್ಬಿ ಖಾಲಿಯಾಗಿರಬಹುದು, ಪೈಪು ಕಳಚಿರಬಹುದು, ಇಲ್ಲವೇ ತೂತು ಕಟ್ಟಿಕೊಂಡಿರಬಹುದು. ಬೋರ್‌ವೆಲ್ಲಿನ ಗಡಸು ನೀರು ಹಾಕುವವರ ಕಾರಿನಲ್ಲಿ ತೂತಿನ ಬಾಯಿಗೆ ಬಿಳಿ ಉಪ್ಪು ಕೂರುತ್ತದೆ. ನಮ್ಮ ಬಿಸಿನೀರಿನ ಪಾತ್ರೆಯ ತಳದಲ್ಲಿ ಕೂರುವ ಹಾಗೆಯೇ. ಸದ್ದೇ ಇಲ್ಲದಿದ್ದರೆ ಫ್ಯೂಸು, ವೈರು, ಪಂಪು ನೋಡಿಸಿ.

‘ಮೋಟಾರು ಹೋಗಿದೆ, ಬದಲಾಯಿಸಬೇಕು’ ಎಂದು ಯಾರಾದರೂ ಹೇಳಿದರೆ ಹಿರಿಯರು ಮೆಲ್ಲಗೆ ಎರಡು ಪ್ರಶ್ನೆ ಕೇಳಲಿ: “ಕಡ್ಡಿ ಎಳೆದಾಗ ತೆರೆಯಲ್ಲಿ ಏನು ಬಂತಪ್ಪ? ಟೂಲಿನಿಂದ ಅಪ್ಪಣೆ ಕೊಟ್ಟಾಗ ಮೋಟಾರು ತಿರುಗಿತೇ?” ಒಳ್ಳೆಯ ಮೆಕ್ಯಾನಿಕ್ ಸಂತೋಷದಿಂದ ತೋರಿಸುತ್ತಾರೆ. ಸಣ್ಣ ಫ್ಯೂಸಿನ ದುಡ್ಡಿನಲ್ಲಿ ಮುಗಿಯುವ ಕೆಲಸಕ್ಕೆ ಮೋಟಾರಿನ ದುಡ್ಡು ತೆರುವುದು ತಪ್ಪುತ್ತದೆ.

ಮಕ್ಕಳೇ, ನಿಮಗೂ ಒಂದು ಕೆಲಸ. ಈ ಭಾನುವಾರ ಎಂಜಿನ್ ಆರಿಸಿ ತಣ್ಣಗಾದ ಮೇಲೆ, ದೊಡ್ಡವರ ಜೊತೆ ನಿಂತು ವಾಷರಿನ ಡಬ್ಬಿಯಲ್ಲಿ ನೀರಿದೆಯೇ, ವೈಪರಿನ ರಬ್ಬರು ಬಿರಿದಿದೆಯೇ ನೋಡಿ. ಮಳೆಗಾಲಕ್ಕೆ ಮೊದಲೇ ನೋಡಿದರೆ ಇನ್ನೂ ಒಳ್ಳೆಯದು.