ನಂಬರಿಗೆ ಸಿಕ್ಕ ಹಕ್ಕು ಖಾತೆಗೂ ಸಿಗಬೇಕು

ದುಡಿಯಲು ಹೊರದೇಶಕ್ಕೆ ಹೋಗುವವರು ಪಾಸ್‌ಪೋರ್ಟ್, ಆಧಾರ್, ಪಾಸ್‌ಬುಕ್ ಎಲ್ಲ ನೆನಪಿಟ್ಟು ಜೋಡಿಸಿಕೊಳ್ಳುತ್ತಾರೆ. ಆದರೆ ಫೋನಿನಲ್ಲಿರುವ ಪ್ಲೇ ಸ್ಟೋರ್ ಖಾತೆಗೂ ಒಂದು ದೇಶ ಅಂಟಿಕೊಂಡಿರುತ್ತದೆ ಎಂಬುದು ಎಷ್ಟೋ ಜನಕ್ಕೆ ತಿಳಿಯುವುದು ಅಲ್ಲಿ ಇಳಿದ ಮೇಲೆಯೇ. ಆ ದೇಶದ ಸ್ಟೋರಿಗೆ ಮಾತ್ರ ಬಿಟ್ಟ ಆ್ಯಪ್ ಹುಡುಕಿದರೆ ಸಿಗುವುದಿಲ್ಲ. ಮನುಷ್ಯ ನಿಂತಿರುವುದು ದುಬೈನಲ್ಲಿ, ಸ್ಟೋರಿನ ಲೆಕ್ಕದಲ್ಲಿ ಅವನಿನ್ನೂ ಭಾರತದಲ್ಲೇ ಇದ್ದಾನೆ. ದೇಶ ಬದಲಿಸಿದರಾಯಿತು ಎನ್ನುತ್ತೀರಾ? ಬದಲಿಸಬಹುದು. ಆದರೆ ಹಿಂದೆಯೇ ಬೀಗ ಬೀಳುತ್ತದೆ.

ನಿಯಮ ಏನು ಹೇಳುತ್ತದೆ ನೋಡಿ. ಗೂಗಲ್ ಪ್ಲೇಯಲ್ಲಿ ದೇಶವನ್ನು ವರ್ಷಕ್ಕೆ ಒಂದೇ ಸಲ ಬದಲಿಸಬಹುದು. ನೀವು ಹೊಸ ದೇಶದಲ್ಲೇ ಇರಬೇಕು, ಅಲ್ಲಿನ ಕಾರ್ಡನ್ನೋ ಬೇರೆ ಪಾವತಿ ವಿಧಾನವನ್ನೋ ಸೇರಿಸಬೇಕು. ಹಳೆಯ ದೇಶದ ಪ್ಲೇ ಬ್ಯಾಲೆನ್ಸ್ ಹೊಸ ದೇಶದಲ್ಲಿ ನಡೆಯುವುದಿಲ್ಲ. ದುಡ್ಡು ಕೊಟ್ಟು ಪಡೆದ ಕೆಲವು ಪುಸ್ತಕ, ಸಿನಿಮಾ, ಆಟಗಳೂ ಕೈತಪ್ಪಬಹುದು.

ಐಫೋನಿನವರದು ಇನ್ನೊಂದು ಪಾಡು. ಆಪಲ್ ಖಾತೆಯಲ್ಲಿ ಉಳಿದ ಹಣವನ್ನು ಮೊದಲು ಖರ್ಚು ಮಾಡಿ ಮುಗಿಸಬೇಕು. ಚಂದಾಗಳನ್ನು ರದ್ದು ಮಾಡಿ, ಅವುಗಳ ಅವಧಿ ಮುಗಿಯುವವರೆಗೆ ಕಾಯಬೇಕು. ಆಮೇಲೆ ಹೊಸ ದೇಶದ ಪಾವತಿ ವಿಧಾನ ಕೊಡಬೇಕು.

ಈಗ ಒಬ್ಬ ಕಾರ್ಮಿಕನ ಲೆಕ್ಕ ಹಾಕೋಣ. ಹೋದ ಎರಡನೇ ತಿಂಗಳು ಖಾತೆಯ ದೇಶ ಬದಲಿಸಿದ. ಏಳನೇ ತಿಂಗಳು ಕೆಲಸ ಹೋಯಿತು, ಊರಿಗೆ ಬಂದ. ವಿಮಾನ ಇಳಿಸಿತು, ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು, ಊರಿನ ಬಸ್ಸೂ ಹತ್ತಿಸಿಕೊಂಡಿತು. ಖಾತೆ ಮಾತ್ರ ಇನ್ನೂ ಏಳು ತಿಂಗಳು ಹೊರದೇಶದ್ದೇ. ಭಾರತದ ಸ್ಟೋರಿಗೆ ಮಾತ್ರ ಬಿಟ್ಟಿರುವ ಯಾವ ಆ್ಯಪ್ ಬೇಕೆಂದರೂ ಆ ಖಾತೆಯಲ್ಲಿ ಸಿಗದು. ಕೈಯಲ್ಲಿ ಕೆಲಸವಿಲ್ಲದ ಹೊತ್ತಿನಲ್ಲೇ ಈ ಕಾಟ. ಸ್ವಂತ ದೇಶಕ್ಕೆ ಬಂದವನಿಗೆ ಕಾಯುವ ಶಿಕ್ಷೆ ಯಾವ ತಪ್ಪಿಗೆ?

ಕಂಪನಿಗಳಿಗೂ ಕಾರಣಗಳಿವೆ. ಒಂದೇ ಚಂದಾಕ್ಕೆ ದೇಶದಿಂದ ದೇಶಕ್ಕೆ ಬೆಲೆ ಬೇರೆ, ತೆರಿಗೆ ಬೇರೆ. ಸಿನಿಮಾ, ಹಾಡುಗಳ ಹಕ್ಕು ದೇಶವಾರು ಮಾರಾಟವಾಗುತ್ತದೆ. ಬೆಲೆ ಕಡಿಮೆ ಇರುವ ದೇಶದವನೆಂದು ಸುಳ್ಳು ಹೇಳಿ ಅಗ್ಗಕ್ಕೆ ಕೊಳ್ಳುವವರೂ ಇದ್ದಾರೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದ ಮೇಲೆ, ವಿಪಿಎನ್ ಹಾಕಿ ದೇಶ ಬದಲಿಸುವ ವಿದ್ಯೆ ಹಳ್ಳಿ ಹುಡುಗರ ಬಾಯಲ್ಲೂ ಓಡಾಡಿತು. ಅದನ್ನು ತಡೆಯಲಿ, ನಮ್ಮ ತಕರಾರಿಲ್ಲ. ಆದರೆ ಕಳ್ಳನ ಹೆಸರು ಹೇಳಿ ಊರಿಗೆಲ್ಲ ಬೇಲಿ ಹಾಕುವುದು ಯಾವ ನ್ಯಾಯ? ಬ್ಯಾಂಕಿನ ಆ್ಯಪಿಗೆ, ಸರ್ಕಾರದ ಆ್ಯಪಿಗೆ ಬೆಲೆಯೇ ಇಲ್ಲ. ಬೆಲೆ ಇಲ್ಲದ್ದನ್ನು ಅಗ್ಗಕ್ಕೆ ಕದಿಯುವುದು ಹೇಗೆ?

ಗಡಿ ಬದಲಾಗುವುದು ನಮ್ಮ ಸೀಮೆಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಬಂತು. ಹಗೇವಿನಲ್ಲಿರುವ ಜೋಳ ಮದ್ರಾಸಿನದು, ಮೈಸೂರಲ್ಲಿ ಉಣ್ಣಂಗಿಲ್ಲ ಅಂತ ಯಾರೂ ಹೇಳಲಿಲ್ಲ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು. ದರೋಜಿ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಅಂಚೆ ಕಚೇರಿಯ ಉಳಿತಾಯ ಖರ್ಚು ಮಾಡಿ ಮುಗಿಸಿದರೆ ಮಾತ್ರ ಹೊಸ ಜಿಲ್ಲೆಗೆ ಸೇರಿಸುತ್ತೇವೆ ಅಂತ ಹೊಸಪೇಟೆಯವರಿಗೆ ಯಾರಾದರೂ ಹೇಳಿದರೇ? ಅಲೆದಾಟವೂ ಹೊಸದಲ್ಲ. ಊರೂರು ಸುತ್ತಿ ಕಥೆ ಹಾಡಿದ ಬುರ್ರಕಥಾ ಈರಮ್ಮನ ಊರು ದರೋಜಿ. ಮನುಷ್ಯ ಊರು ಬಿಟ್ಟ ಮಾತ್ರಕ್ಕೆ ಅವನ ಗಂಟು ಊರಲ್ಲೇ ಉಳಿಯಬೇಕೆಂಬ ಕಾನೂನು ಇಲ್ಲಿ ಇರಲಿಲ್ಲ.

ತಾಂತ್ರಿಕವಾಗಿ ಕಷ್ಟ ಎಂಬ ಮಾತು ಬರುತ್ತದೆ. ಮೊಬೈಲ್ ನಂಬರಿನ ಕಥೆ ನೆನಪು ಮಾಡಿಕೊಳ್ಳಿ. ಒಂದು ಕಾಲಕ್ಕೆ ಕಂಪನಿ ಬದಲಿಸಿದರೆ ನಂಬರೂ ಹೋಗುತ್ತಿತ್ತು. 2011ರ ಜನವರಿ 20ರಿಂದ ಅದೇ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಬಂತು. 2015ರ ಜುಲೈ 3ರಿಂದ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ನಂಬರ್ ಜೊತೆಗೇ ಬಂತು. ಮತ್ತೊಮ್ಮೆ ಬದಲಿಸಲು ಅಲ್ಲಿ 90 ದಿನ ಕಾದರೆ ಸಾಕು. ಇದು ಕಂಪನಿಗಳ ಕರುಣೆಯಿಂದ ಆದದ್ದಲ್ಲ, ಟ್ರಾಯ್ ನಿಯಮ ಮಾಡಿದ್ದರಿಂದ ಆದದ್ದು. ನಂಬರಿಗೆ 90 ದಿನ, ಖಾತೆಗೆ ಒಂದು ವರ್ಷ. ಈ ಲೆಕ್ಕವನ್ನು ಯಾರು ಯಾರ ಅನುಕೂಲಕ್ಕೆ ಬರೆದರು ಎಂದು ಕೇಳುವ ಹಕ್ಕು ನಮಗಿದೆ.

ಬೇರೆ ಕಡೆ ಕೇಳುತ್ತಿದ್ದಾರೆ ಕೂಡ. 2024ರ ನವೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ ಮತ್ತು ಅಲ್ಲಿನ ಗ್ರಾಹಕ ರಕ್ಷಣಾ ಅಧಿಕಾರಿಗಳು ಆಪಲ್‌ಗೆ ತಕರಾರು ಕಳಿಸಿದರು. ಆ್ಯಪ್ ಸ್ಟೋರ್ ಸೇರಿ ಕೆಲವು ಸೇವೆಗಳಲ್ಲಿ ಖಾತೆ ಯಾವ ದೇಶದ್ದೋ ಆ ದೇಶದ ಕಾರ್ಡೇ ಬೇಕೆನ್ನುವುದು, ಬೇರೆ ದೇಶದ ಸ್ಟೋರಿನ ಆ್ಯಪ್ ಇಳಿಸಿಕೊಳ್ಳಲು ಬಿಡದಿರುವುದು ಗ್ರಾಹಕರಿಗೆ ಭೇದ ಮಾಡಿದಂತೆ ಎಂಬುದು ಅವರ ವಾದ. ನಮ್ಮಲ್ಲೂ ಶಕ್ತಿ ಇಲ್ಲದಿಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಮನಸ್ಸಿದ್ದರೆ ಪ್ರಶ್ನೆ ಕೇಳಬಹುದು ಎಂಬುದಕ್ಕೆ ಇಷ್ಟು ಸಾಕು.

ಇನ್ನೊಂದು ಖಾತೆ ಮಾಡಿಕೊಂಡರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಸದ್ಯಕ್ಕೆ ನಾವೂ ಅದನ್ನೇ ಹೇಳುತ್ತೇವೆ: ಹೊರಡುವವರು ಭಾರತದ ಖಾತೆಯನ್ನು ಮುಟ್ಟಬೇಡಿ, ಹೊಸ ದೇಶಕ್ಕೆ ಬೇರೆ ಖಾತೆ ತೆರೆಯಿರಿ. ಒಂದೇ ಫೋನಿನಲ್ಲಿ ಎರಡು ಗೂಗಲ್ ಖಾತೆ ಇಟ್ಟುಕೊಳ್ಳಬಹುದು. ಪ್ಲೇ ಬ್ಯಾಲೆನ್ಸ್ ಇದ್ದರೆ ಹೊರಡುವ ಮುಂಚೆ ಬಳಸಿಕೊಳ್ಳಿ. ಆದರೆ ಇದು ಗಾಯದ ಮೇಲಿನ ಬಟ್ಟೆ, ಔಷಧಿಯಲ್ಲ. ಎರಡು ಪಾಸ್‌ವರ್ಡ್ ನೆನಪಿಟ್ಟು, ಒಟಿಪಿಗಾಗಿ ಊರಿನ ಸಿಮ್ಮಿಗೂ ರೀಚಾರ್ಜ್ ಹಾಕುತ್ತಾ ಇರುವ ಭಾರ ಕಾರ್ಮಿಕನ ತಲೆಗೇ ಬೀಳುತ್ತದೆ. ನಿಯಮ ಬರೆದವರಿಗೆ ಒಂದು ಪೈಸೆ ಖರ್ಚಿಲ್ಲ.

ಹಾಗಾಗಿ ನಾವು ಕೇಳುವುದು ನಾಲ್ಕೇ ಮಾತು. ಒಂದು, ಸ್ವಂತ ದೇಶಕ್ಕೆ ಮರಳಿದವರಿಗೆ ಒಂದು ವರ್ಷದ ಬೀಗ ಬೇಡ. ಎರಡು, ಬೆಲೆ ಇಲ್ಲದ ಆ್ಯಪ್‌ಗಳನ್ನು ಕಾರ್ಡಿನ ದೇಶಕ್ಕೆ ಕಟ್ಟಿಹಾಕುವುದು ಬೇಡ. ಮೂರು, ದೇಶ ಬಿಡುವವರ ಬ್ಯಾಲೆನ್ಸ್ ಅವರ ಬ್ಯಾಂಕಿಗೆ ವಾಪಸ್ ಬರಲಿ. ನಾಲ್ಕು, ನಮ್ಮ ಬ್ಯಾಂಕುಗಳು ಮತ್ತು ಸರ್ಕಾರಗಳು ತಮ್ಮ ಆ್ಯಪ್‌ಗಳನ್ನು ನಮ್ಮವರು ದುಡಿಯುವ ದೇಶಗಳ ಸ್ಟೋರಿಗೂ ಬಿಡಲಿ. ಸೌದಿ, ಕತಾರ್, ಒಮಾನ್, ಯುಎಇ ಸೇರಿ 10 ದೇಶಗಳ ನಂಬರಿನಿಂದ ಯುಪಿಐ ಬಳಸಲು 2023ರ ಜನವರಿಯಲ್ಲಿ ಅನಿವಾಸಿ ಭಾರತೀಯರಿಗೆ ದಾರಿ ಮಾಡಿಕೊಡಲಾಗಿದೆ. ಸ್ಟೋರಿನಲ್ಲಿ ಆ್ಯಪೇ ಕಾಣದಿದ್ದರೆ ಆ ದಾರಿ ಹಿಡಿಯುವುದು ಎಲ್ಲಿಂದ?

ನಿಮ್ಮ ಮನೆಯವರಿಗೆ ಹೀಗೆ ಆಗಿದ್ದರೆ ಕೈಕಟ್ಟಿ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಬ್ಬರ ದೂರು ಕಡತದ ಕೆಳಗೆ ಹೋದೀತು. ಸಾವಿರ ಜನರದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.