ಜಂತುಔಷಧಕ್ಕೆ ಮೊದಲು ಲದ್ದಿ ಪರೀಕ್ಷೆ

ಕುದುರೆ ಸಾಕುವವರಲ್ಲಿ ಒಂದು ರೂಢಿ ಆಳವಾಗಿ ಬೇರೂರಿದೆ. ಎರಡು–ಮೂರು ತಿಂಗಳಿಗೊಮ್ಮೆ ದಿನ ಗೊತ್ತುಮಾಡಿ, ಲಾಯದಲ್ಲಿರುವ ಎಲ್ಲ ಕುದುರೆಗಳಿಗೂ ಒಂದೇ ಜಂತುಹುಳು ಔಷಧ ಕುಡಿಸುವುದು. ಇದು ಎಲ್ಲಿಂದ ಬಂತು ಎಂಬುದನ್ನು ತಿಳಿದರೆ, ಏಕೆ ಬಿಡಬೇಕು ಎಂಬುದೂ ತಿಳಿಯುತ್ತದೆ. 1966ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಡ್ರಜ್ ಮತ್ತು ಲಯನ್ಸ್ ಎಂಟು ವಾರಕ್ಕೊಮ್ಮೆ ಔಷಧ ಕೊಡಲು ಸಲಹೆ ಮಾಡಿದರು. ಆಗ ಕುದುರೆಗಳ ಪ್ರಾಣ ತೆಗೆಯುತ್ತಿದ್ದುದು ದೊಡ್ಡ ಸ್ಟ್ರಾಂಗೈಲ್ ಹುಳು. ಅದರ ಮರಿಗಳು ಕರುಳಿಗೆ ರಕ್ತ ಒಯ್ಯುವ ಅಪಧಮನಿಯನ್ನು ಹೊಕ್ಕು ಅಲ್ಲಿ ರಕ್ತ ಹೆಪ್ಪುಗಟ್ಟಿಸುತ್ತಿದ್ದವು. ಕರುಳಿನ ಭಾಗವೇ ಸತ್ತು, ಕುದುರೆ ಹೊಟ್ಟೆಶೂಲೆಯಿಂದ ಒದ್ದಾಡಿ ಸಾಯುತ್ತಿತ್ತು. ಅಂದಿನ ಔಷಧ ಕೊಟ್ಟ ಸುಮಾರು ಎಂಟು ವಾರಕ್ಕೆ ಲದ್ದಿಯಲ್ಲಿ ಮತ್ತೆ ಮೊಟ್ಟೆ ಕಾಣಿಸುತ್ತಿದ್ದವು. ಗಡುವು ಹುಟ್ಟಿದ್ದು ಈ ಲೆಕ್ಕದಿಂದ. ಆ ಹುಳುವಿಗೆ, ಆ ಔಷಧಕ್ಕೆ ಅದು ಸರಿಯಾದ ಸಲಹೆಯೇ ಆಗಿತ್ತು. ಅಸಂಖ್ಯ ಕುದುರೆಗಳು ಅದರಿಂದ ಬದುಕಿದವು.

ಅರವತ್ತು ವರ್ಷಗಳಲ್ಲಿ ಹುಳುವೂ ಬದಲಾಗಿದೆ, ಔಷಧದ ಬಲವೂ ಬದಲಾಗಿದೆ. ಇಂದು ಬೆಳೆದ ಕುದುರೆಗಳ ಹೊಟ್ಟೆಯಲ್ಲಿ ಹೆಚ್ಚಾಗಿರುವುದು ಸಣ್ಣ ಸ್ಟ್ರಾಂಗೈಲ್‌ಗಳು. ಇವುಗಳಲ್ಲಿ ಸುಮಾರು ಐವತ್ತು ಪ್ರಭೇದಗಳಿವೆ. ಸ್ವಲ್ಪ ಸಂಖ್ಯೆಯಲ್ಲಿದ್ದರೆ ಆರೋಗ್ಯವಂತ ಕುದುರೆಗೆ ಇವುಗಳಿಂದ ಅಂಥ ಹಾನಿಯಿಲ್ಲ. ಆದರೆ ಪದೇಪದೇ ಔಷಧ ಕೊಟ್ಟಾಗ ಸಾಯುವುದು ಔಷಧಕ್ಕೆ ಬಗ್ಗುವ ಹುಳುಗಳು. ಬಗ್ಗದವು ಉಳಿದು, ಮುಂದಿನ ಹುಲ್ಲುಗಾವಲನ್ನೆಲ್ಲ ತಮ್ಮ ಸಂತಾನದಿಂದಲೇ ತುಂಬುತ್ತವೆ. ಫೆನ್‌ಬೆಂಡಜೋಲ್ ಸೇರಿದ ಗುಂಪಿನ ಔಷಧಗಳು ಸಣ್ಣ ಸ್ಟ್ರಾಂಗೈಲ್ ಮೇಲೆ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿಲ್ಲ. ಪೈರಾಂಟೆಲ್ ಕೂಡ ಅದೇ ದಾರಿ ಹಿಡಿದಿದೆ. ಕುದುರೆಮರಿಗಳನ್ನು ಕಾಡುವ ದುಂಡುಹುಳು ಐವರ್ಮೆಕ್ಟಿನ್‌ಗೆ ಬಗ್ಗುತ್ತಿಲ್ಲ ಎಂದು ನೆದರ್ಲೆಂಡ್ಸ್‌ನಿಂದ 2002ರಲ್ಲಿ ಮೊದಲ ವರದಿ ಬಂತು. ಈಚಿನ ವರ್ಷಗಳಲ್ಲಿ ಥರೋಬ್ರೆಡ್ ಕುದುರೆಗಳ ಸಣ್ಣ ಸ್ಟ್ರಾಂಗೈಲ್‌ಗಳಲ್ಲೂ ಐವರ್ಮೆಕ್ಟಿನ್‌ಗೆ ಪ್ರತಿರೋಧ ಕಂಡಿದೆ. 1980ರ ದಶಕದ ಆರಂಭದಲ್ಲಿ ಐವರ್ಮೆಕ್ಟಿನ್ ಗುಂಪು ಬಂದ ಮೇಲೆ ಕುದುರೆಗಳ ಈ ಹುಳುಗಳಿಗೆಂದು ಹೊಸ ವರ್ಗದ ಜಂತುಔಷಧ ಮಾರುಕಟ್ಟೆಗೆ ಬಂದಿಲ್ಲ ಎಂಬುದೇ ನನ್ನ ಆತಂಕದ ಮೂಲ. ಇರುವುದನ್ನು ಸವೆಸಿಬಿಟ್ಟರೆ ಕಪಾಟಿನಲ್ಲಿ ಬೇರೇನೂ ಇಲ್ಲ.

ಹಾಗಾದರೆ ಯಾವ ಕುದುರೆಗೆ ಕೊಡಬೇಕು? ಉತ್ತರ ಲದ್ದಿಯಲ್ಲಿದೆ. ಒಂದು ಹಿಂಡಿನ ಒಟ್ಟು ಮೊಟ್ಟೆಗಳಲ್ಲಿ ಸುಮಾರು ಶೇ 80ರಷ್ಟು ಬರುವುದು ಕೇವಲ ಶೇ 20ರಷ್ಟು ಕುದುರೆಗಳಿಂದ. ಬೆಳೆದ ಕುದುರೆಯ ಈ ಸ್ವಭಾವ ವರ್ಷದಿಂದ ವರ್ಷಕ್ಕೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಲದ್ದಿಯನ್ನು ಉಪ್ಪಿನ ಗಾಢ ದ್ರಾವಣದಲ್ಲಿ ಕಲಕಿ, ತೇಲಿಬಂದ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಗ್ರಾಂಗೆ 200ಕ್ಕಿಂತ ಕಡಿಮೆ ಮೊಟ್ಟೆ ಇದ್ದರೆ ಆ ಕುದುರೆ ಕಡಿಮೆ ಹರಡುವಂಥದ್ದು, 500 ಮೀರಿದರೆ ಹೆಚ್ಚು ಹರಡುವಂಥದ್ದು. ಹೆಚ್ಚು ಹರಡುವವಕ್ಕೆ ಔಷಧ ಕೊಟ್ಟು ಉಳಿದವನ್ನು ಬಿಟ್ಟರೆ, ಔಷಧ ಕಾಣದ ಹುಳುಗಳ ಸಂತಾನ ಹುಲ್ಲಿನಲ್ಲಿ ಉಳಿದು ಪ್ರತಿರೋಧ ಹಬ್ಬುವುದನ್ನು ನಿಧಾನಗೊಳಿಸುತ್ತದೆ. ಕೊಟ್ಟ ಔಷಧ ಫಲಿಸಿತೇ ಎಂದು ತಿಳಿಯಲೂ ಇದೇ ಪರೀಕ್ಷೆ ಸಾಕು: ಔಷಧದ ದಿನ ಒಮ್ಮೆ, 14 ದಿನಗಳ ನಂತರ ಇನ್ನೊಮ್ಮೆ ಎಣಿಸಿ ಹೋಲಿಸುವುದು. ಈ ಹೋಲಿಕೆ ಮಾಡದ ಲಾಯ ತನ್ನ ಔಷಧ ಕೆಲಸ ಮಾಡುತ್ತಿದೆ ಎಂದು ನಂಬಬಹುದೇ ಹೊರತು ತಿಳಿದಿರಲಾರದು.

ಇದಕ್ಕೆ ಬರುವ ಅತ್ಯಂತ ಗಟ್ಟಿ ಆಕ್ಷೇಪ ಡೆನ್ಮಾರ್ಕ್‌ನದು. ಅಲ್ಲಿ 1999ರಿಂದ ಪಶುವೈದ್ಯರ ಚೀಟಿಯಿಲ್ಲದೆ ಜಂತುಔಷಧ ಸಿಗುವುದಿಲ್ಲ. ಪರೀಕ್ಷೆಯ ಆಧಾರದ ಮೇಲೆ ಆಯ್ದ ಕುದುರೆಗಳಿಗೆ ಮಾತ್ರ ಕೊಡುವುದು ವ್ಯಾಪಕವಾಯಿತು. ಕೆಲವು ವರ್ಷಗಳ ನಂತರ ನೋಡಿದರೆ, ಇದನ್ನೇ ನೆಚ್ಚಿಕೊಂಡ ತಾಣಗಳಲ್ಲಿ ಮರೆತೇಹೋಗಿದ್ದ ದೊಡ್ಡ ಸ್ಟ್ರಾಂಗೈಲ್ ಹೆಚ್ಚಾಗಿ ಕಾಣಿಸಿಕೊಂಡಿತ್ತು. ಈ ಸಾಕ್ಷ್ಯವನ್ನು ತಳ್ಳಿಹಾಕುವುದು ಅಪ್ರಾಮಾಣಿಕತೆ. ದೊಡ್ಡ, ಸಣ್ಣ ಸ್ಟ್ರಾಂಗೈಲ್‌ಗಳ ಮೊಟ್ಟೆ ಸೂಕ್ಷ್ಮದರ್ಶಕಕ್ಕೆ ಒಂದೇ ರೀತಿ ಕಾಣುತ್ತವೆ. ಹಾಗಾಗಿ ಎಣಿಕೆ ಕಡಿಮೆ ಬಂದ ಕುದುರೆಯಲ್ಲೂ ಅಪಾಯಕಾರಿ ಹುಳು ಅಡಗಿರಬಹುದು. ಆದರೆ ಇದರಿಂದ ಹಳೆಯ ಎಂಟು ವಾರದ ಗಡುವಿಗೆ ಮರಳಬೇಕೆಂದೇನೂ ಆಗುವುದಿಲ್ಲ. ದೊಡ್ಡ ಸ್ಟ್ರಾಂಗೈಲ್ ದೇಹ ಹೊಕ್ಕು ಮೊಟ್ಟೆಯಿಡುವಷ್ಟು ಬಲಿಯಲು ಸುಮಾರು ಆರು ತಿಂಗಳು ಬೇಕು. ವರ್ಷಕ್ಕೆ ಒಂದೆರಡು ಬಾರಿ ಎಲ್ಲ ಬೆಳೆದ ಕುದುರೆಗಳಿಗೂ ಐವರ್ಮೆಕ್ಟಿನ್‌ನಂಥ ಔಷಧ ಕೊಟ್ಟರೆ ಆ ಸರಪಳಿ ತುಂಡಾಗುತ್ತದೆ. ಅದರಾಚೆಗಿನ ಪ್ರತಿ ಡೋಸಿಗೂ ಎಣಿಕೆಯ ಸಮರ್ಥನೆ ಬೇಕು.

ಔಷಧಗಳನ್ನು ಸರದಿಯಂತೆ ಬದಲಿಸುತ್ತಿದ್ದರೆ ಸಾಕಲ್ಲವೇ ಎಂಬ ವಾದವೂ ಇದೆ. ಒಂದು ಗುಂಪು ಆಗಲೇ ಸೋತಿದ್ದರೆ, ಅದರ ಸರದಿ ಬಂದಾಗ ಕುದುರೆಗೆ ಔಷಧವೇ ಸಿಗಲಿಲ್ಲ ಎಂದರ್ಥ. ಇನ್ನೊಂದು ಗುಂಪಿನ ಯಶಸ್ಸು ಆ ಸೋಲನ್ನು ಮರೆಮಾಚುತ್ತದೆ. ಆಯ್ಕೆ ನಡೆಯಬೇಕಾದುದು ಹುಳು ಮತ್ತು ಪ್ರಾಯ ನೋಡಿ. ಎಳೆಯ ಮರಿಗಳಿಗೆ ದುಂಡುಹುಳುವೇ ಮುಖ್ಯ ಶತ್ರು, ಅಲ್ಲಿ ಫೆನ್‌ಬೆಂಡಜೋಲ್ ಇನ್ನೂ ಹೆಚ್ಚು ಭರವಸೆಯದು. ಮರಿಗಳಿಗೆ ರೋಗನಿರೋಧಕ ಶಕ್ತಿ ಬೆಳೆದಿರುವುದಿಲ್ಲವಾದ್ದರಿಂದ ಆಯ್ದು ಕೊಡುವ ನಿಯಮವೂ ಅವಕ್ಕೆ ಸಲ್ಲದು. ಮೊದಲ ವರ್ಷದಲ್ಲಿ ನಿಯಮಿತ ಡೋಸ್ ಬೇಕೇ ಬೇಕು. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ಐವರ್ಮೆಕ್ಟಿನ್ ಅದನ್ನು ಮುಟ್ಟದು, ಲದ್ದಿಯ ಸಾಮಾನ್ಯ ಎಣಿಕೆಯಲ್ಲಿ ಅದು ಸರಿಯಾಗಿ ಕಾಣಿಸುವುದೂ ಇಲ್ಲ. ಯಾವ ಔಷಧವೇ ಆಗಲಿ, ತೂಕವನ್ನು ಕಣ್ಣಂದಾಜಿನಲ್ಲಿ ಕಡಿಮೆ ಹಿಡಿದು ಕೊಡುವುದು ಪ್ರತಿರೋಧಕ್ಕೆ ಆಹ್ವಾನ. ಬೆಳೆದ ಕುದುರೆಯ ಎದೆಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ, ಎರಡೂ ಸೆಂಟಿಮೀಟರಿನಲ್ಲಿದ್ದರೆ 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಒಂದು ಟೇಪು ಸಾಕು.

ಕಾಲದ ಆಯ್ಕೆಯಲ್ಲಿ ನಾವು ಪರದೇಶದ ಪಂಚಾಂಗ ಅನುಸರಿಸುವುದು ತಪ್ಪು. ಶೀತದೇಶಗಳ ಸೂಚನೆಗಳು ಅಲ್ಲಿನ ವಸಂತ, ಶರತ್ಕಾಲಗಳಿಗೆ ಹೊಂದಿಕೊಂಡಿವೆ. ಕರ್ನಾಟಕದ ಒಣ ಬೇಸಿಗೆಯಲ್ಲಿ ಹುಲ್ಲಿನ ಮೇಲಿನ ಮರಿಹುಳುಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ತೇವ, ಬಿಸುಪು ಎರಡೂ ಸೇರುವ ಮಳೆಗಾಲದಲ್ಲಿ ಮೊಟ್ಟೆ ಕೆಲವೇ ದಿನಗಳಲ್ಲಿ ಸೋಂಕು ತರುವ ಮರಿಯಾಗುತ್ತದೆ. ಕುಣಿಗಲ್‌ನಂಥ ಸ್ಟಡ್ ಫಾರ್ಮ್‌ನ ಹುಲ್ಲುಗಾವಲಿಗೂ ಮೈಸೂರಿನ ಟಾಂಗಾ ಕುದುರೆಗೂ ಒಂದೇ ವೇಳಾಪಟ್ಟಿ ಒಪ್ಪದು. ಮೇಯದೆ ಲಾಯದಲ್ಲೇ ಒಣಮೇವು ತಿನ್ನುವ ರೇಸ್ ಕುದುರೆಗೆ ಸ್ಟ್ರಾಂಗೈಲ್ ಅಂಟುವ ಸಾಧ್ಯತೆಯೇ ಕಡಿಮೆ. ಮೇಯುವ ಕುದುರೆಗಳ ಲದ್ದಿಯನ್ನು ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ಮಳೆಗಾಲದ ಕೊನೆಗೆ ಒಮ್ಮೆ ಎಣಿಸುವುದು ನಮ್ಮ ಹವೆಗೆ ಒಪ್ಪುವ ಕ್ರಮ. ಹುಲ್ಲುಗಾವಲಿನಿಂದ ವಾರಕ್ಕೆ ಎರಡು ಬಾರಿ ಲದ್ದಿ ಎತ್ತಿಹಾಕಿದರೆ ಯಾವ ಔಷಧಕ್ಕೂ ಕಡಿಮೆಯಿಲ್ಲದ ರಕ್ಷಣೆ ಸಿಗುತ್ತದೆ, ಅದಕ್ಕೆ ಪ್ರತಿರೋಧ ಹುಟ್ಟುವ ಭಯವೂ ಇಲ್ಲ.

ಪರೀಕ್ಷೆಗಿಂತ ಔಷಧವೇ ಅಗ್ಗ ಎನ್ನುವವರ ಮಾತು ಬಡ ಟಾಂಗಾ ಮಾಲೀಕನ ಮಟ್ಟಿಗೆ ನಿಜ, ಅವನ ಮೇಲೆ ಈ ಹೊರೆ ಹೊರಿಸುವುದು ನ್ಯಾಯವಲ್ಲ. ಉಪ್ಪುನೀರು, ಎಣಿಕೆಯ ಗಾಜಿನ ಪಟ್ಟಿ, ಒಂದು ಸೂಕ್ಷ್ಮದರ್ಶಕ: ಇಷ್ಟನ್ನು ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಸಿಗುವಂತೆ ಮಾಡಿ, ಲದ್ದಿ ಎಣಿಕೆಯನ್ನು ಉಚಿತ ಸೇವೆಯಾಗಿ ಒದಗಿಸುವುದು ಪಶುಪಾಲನಾ ಇಲಾಖೆಯ ಕೈಮೀರಿದ ಕೆಲಸವಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಇಲಾಖೆ ಇದನ್ನು ಆರಂಭಿಸಲಿ. ಖರ್ಚು ಭರಿಸಬಲ್ಲ ಸ್ಟಡ್ ಫಾರ್ಮ್‌ಗಳು ಮತ್ತು ರೈಡಿಂಗ್ ಕ್ಲಬ್‌ಗಳು ಅಲ್ಲಿಯವರೆಗೂ ಕಾಯದೆ ಈ ತಿಂಗಳೇ ತಮ್ಮ ಕುದುರೆಗಳ ಲದ್ದಿಯನ್ನು ಪರೀಕ್ಷೆಗೆ ಕಳಿಸಲಿ.